ಎರಡು ಕೈ ಬಣ್ಣ

ಬೇಲಿಗೆ ಯಾರರೆ ಬಣ್ಣಾ ಹಚ್ಚತಾರೇನು ಅಂತ
ಗುಳೇದಗುಡ್ಡದಾಗ ಮೊದಲ ಕೇಳಿದಾವ ನನ್ನ ಗಂಡ.
ಜಾಲಿ ಮುಳ್ಳ ಬಡದರ ಮುಗೀತು, ಅಂದ.
ಆದರ ಇದು ಮುಳ್ಳಿನ ಬೇಲಿ ಅಲ್ಲ.
ಎರಡು ಮಗ್ಗ ಬಿಚ್ಚಿದ ಸಾಗವಾನಿ ಕಟಗಿ,
ಗೆದ್ದಲು ತಿಂದು ಬ್ಯಾಸತ್ತು ಬಿಟ್ಟದ್ದು,
ನಾನ ಕೊಯ್ಸಿ ನಾನ ನಿಲ್ಲಿಸೀನಿ
ಬದನಿ ಮಡಿಗೆ, ಹೀರಿ ಬಳ್ಳಿಗೆ ಕಾವಲ,
ರುದ್ರವ್ವನ ಆಡಿನ ಬಾಯಿಂದ.

ಅಂಗಡಿ ಹುಡುಗ ಚನಬಸು
ಬೀಸಣಕಿಯಂಗ ಪಟ್ಟಿ ಬಿಚ್ಚಿದ:
ಇನ್ನೂರು ಚೌಕ, ಉಗುರಿನಷ್ಟು ಒಂದೊಂದು.
ಯಾವುದು ಬೇಕವ್ವಾ?
ದಾಳಿಂಬರಿ, ಅಂದೆ.
ಒಡದು ಒಂದ ತಾಸ ಆದದ್ದು.
ಅಂವ ನಂಬರ ಕೇಳಿದ.

ನಂಬರ ನಾ ಎಂದೂ ಕಲೀಲಿಲ್ಲ ತಮ್ಮಾ.
ನಲವತ್ತ ವರ್ಷ ನೂಲಿಗೆ ಬಣ್ಣಾ ಕಾಸಿದಾಕಿ,
ಕೊಪ್ಪರಿಗಿ ಉಗಿ ನೋಡಿ ಹೇಳತಿದ್ದೆ
ಕೆಂಪು ಕುಂತೈತೋ, ಇನ್ನೂ ತಿರಗಾಡಾಕತ್ತೈತೋ.
ಆ ನಲವತ್ತ ವರ್ಷ ನನ್ನ ಉಗುರು
ನನ್ನ ಬಣ್ಣದಾವು ಆಗಿರಲಿಲ್ಲ.
ಸೋಮವಾರ ನೀಲಿ, ಗುರುವಾರ ಅರಿಷಿಣ,
ನಾದಿದ ರೊಟ್ಟಿ ಹಿಟ್ಟಿಗೂ ಹತ್ತಿದ್ದುಂಟು.
ಹಸಿ ಇದ್ದಾಗ ಎಲ್ಲಾ ಬಣ್ಣಾನೂ ಸುಳ್ಳ ಹೇಳತಾವ,
ಒಣಗಿದ ಮ್ಯಾಲ ಖರೇ.

ಹಸರ ಹಚ್ಚು, ಗಿಡಕ್ಕ ಹೊಂದತೈತಿ, ಅಂದಳು ನೆಗೆಣ್ಣಿ.
ನಮ್ಮೂರಾಗ ಹಸರು ಮೂರ ತಿಂಗಳ.
ಉಳಿದ ಒಂಬತ್ತು ತಿಂಗಳ ಬೇಲಿ ಒಂದ ಹಸರಾಗಿ ನಿಂತು
ಗಿಡಕ್ಕ ನಾಚಿಕಿ ತರಸತೈತಿ.
ಸೊಸೈಟಿ ಕಿಟಕಿಗೆ ಹಚ್ಚಿ ಉಳಿದ ಬೂದಿ ಬಣ್ಣ
ಪುಕ್ಕಟ ಸಿಗತೈತಿ, ಅಂದ ಮಾನಪ್ಪ.
ಬೂದಿ ಬಳದರ ಮಠ ಆದೀತು,
ಹಿತ್ತಲ ಹ್ಯಾಂಗಾದೀತು?

ಪಾಲಿಶ್ ಕಾಗದ ಹಿಡದು ತಿಕ್ಕಾಕ ಕುಂತೆ.
ಕಟಗಿಯೊಳಗಿಂದ ಗಂಜಿ ವಾಸನಿ ಬಂತು,
ಇಷ್ಟ ವರ್ಷದ ಮ್ಯಾಲೂ.
ನಾಕನೆ ಗೂಟದಾಗ ಬೆರಳಿಗೆ ತಟ್ಟಿದವು ಗೀರು,
ಐದೈದರ ಗುಂಪು, ಚಾಕುವಿನಿಂದ ಕೊರದಾವು.
ನಮ್ಮತ್ತಿ ಕೊರದಾವು.
ಓದು ಬರದಾಕಿ, ಸಾವಕಾರನ ವಹಿ ನಂಬದಾಕಿ,
ಒಂದ ಖಣ ಇಳದರ ಒಂದ ಗೀರು.
ತಿಕ್ಕಿದರ ಹೋಗತಾವ.
ಬಿಟ್ಟರ ಗೆದ್ದಲಿಗೆ ಹೋಗತಾವ.
ಚಾ ಆರೂತನಕ ಸುಮ್ಮನ ಕುಂತೆ.

ಬಿಸಲೇರೂದರಾಗ ಮುಗಸಬೇಕು,
ಇಲ್ಲಾಂದರ ಹಪ್ಪಳದಂಗ ಗುಳ್ಳಿ ಏಳತಾವ.
ಎಳಿ ಹೋದ ಕಡೆ ಕುಂಚ, ಅಡ್ಡ ಅಲ್ಲ.
ಹಾಸು ಬಲ್ಲಾಕಿಗೆ ಇದನ್ಯಾರು ಕಲಸಬೇಕು?
ಮೊದಲನೆ ಕೈ ಕಟಗಿಗೆ.
ಬಾಯಾರಿದ ಆಳು ಮಜ್ಜಗಿ ಕುಡದಂಗ
ಗಟಗಟ ಕುಡದು ಮತ್ತ ಬೆಳ್ಳಗ ನಿಂತಿತು.
ಎರಡನೆ ಕೈ ಕಣ್ಣಿಗೆ.
ಅದರಾಗ ಏಳು ಗೂಟ ಉಳದಾಗ ಡಬ್ಬಿ ತೀರಿತು.

ಮತ್ತೊಂದ ತಂದೆ. ಅದ ನಂಬರ, ಅದ ಹೆಸರು,
ಹಚ್ಚಿದರ ಒಂದ ನೆರಳಿನಷ್ಟು ಕಪ್ಪ.
ನಂಬರ ಒಂದ ಐತಲ್ಲವ್ವಾ, ಅಂತ ಆಣಿ ಮಾಡಿದ ಚನಬಸು.
ನಾ ನಕ್ಕೆ.
ಎರಡು ಕೊಪ್ಪರಿಗಿ ಅಕ್ಕತಂಗಿ ಆದಾವು,
ಅವಳಿಜವಳಿ ಎಂದೂ ಆಗೂದಿಲ್ಲ.

ಸಂಜಿಗೆ ಬಿಸಲು ಓರಿ ಬಿದ್ದಾಗ
ಗೀರಿನಾಗ ಬಣ್ಣಾ ದಪ್ಪಗ ನಿಂತು
ಒಂದೊಂದೂ ಎದ್ದು ಕಾಣತಿದ್ದವು,
ಬೆಳಿಗ್ಗಿಕಿಂತ ಚೊಲೋ.
ಮಾನಪ್ಪ ಬಂದ. ಕೈ ಹಿಂದ ಕಟ್ಟಿ ಬೇಲಿ ಉದ್ದಕ್ಕೂ ನಡದ.
ನಾಕನೆ ಗೂಟದ ಮುಂದ ಕುಕ್ಕರಗಾಲಿಲೆ ಕುಂತು
ಮುಟ್ಟದಂಗ, ಬೆರಳ ಗಾಳಿಯೊಳಗ ಆಡಿಸಿ ಎಣಿಸಿದ.
ನೂರಾ ಹದಿನೇಳು, ಅಂದ.
ಸಾವಕಾರ ನೂರು ಅಂದಿದ್ದ.

ಮುಂದ ಏನೂ ಅನ್ನಲಿಲ್ಲ.
ಎದ್ದು, ಕುಂಚ ಇಸಗೊಂಡು
ಟರ್ಪೆಂಟೈನಿನಾಗ ತಾನ ತೊಳದ,
ನನ್ನ ಉಗುರೂ ಒಂದೊಂದ.

ಅಷ್ಟರಾಗ ರುದ್ರವ್ವನ ಆಡು ಬಂದು
ಹಸಿ ಬೇಲಿಗೆ ತಲಿ ತಿಕ್ಕಿ ಹೋತು.
ಹ್ವಾದರ ಹೋಗಲಿ.
ನಾಳೆ ಓಣಿ ತುಂಬ ತಿರಗತೈತಿ
ಒಂದ ಕಿವಿ ದಾಳಿಂಬರಿ,
ಒಡದು ಒಂದ ತಾಸ ಆದದ್ದು.