ಎರಡು ವಾಷರು

ಪೆಡಲು ತುಳಿದರೆ ನೆಲಕ್ಕಂಟಿ ಅಲ್ಲೇ ಮಲಗಿತು.
ಗೇರು ಬೀಳಲಿಲ್ಲ, ಬರೀ ಕರಕರ.
ಹಿಲ್ಕಾ ಇಳಿದಳು, ಮೆಲ್ಲಗೆ ಬಾಗಿಲು ಹಾಕಿದಳು.
ಮೂವತ್ತು ವರ್ಷ ಕೊಟ್ಕಾ ಬಂದರಿನಲ್ಲಿ ಕ್ರೇನು ನಡೆಸಿದವಳು,
ಯಂತ್ರದ ಮೇಲೆ ಕೂಗಾಡುವುದಿಲ್ಲ;
ಕೂಗು ಏನಿದ್ದರೂ ನನ್ನ ಮೇಲೆ.

ತುರ್ಕುವಿನ ದಂತವೈದ್ಯನೊಬ್ಬ ಮಾರಿದ ಹಳೆಯ ಪೋರ್ಶೆ.
ಎಂಜಿನು ಮುಂದೆ, ಗೇರುಪೆಟ್ಟಿಗೆ ಹಿಂದೆ,
ನಡುವೆ ಆಳುದ್ದದ ಕೊಳವೆ.
ಕ್ಲಚ್ಚು ಕೂತಿರುವುದು ಎಂಜಿನಿನ ಬೆನ್ನಿಗೆ.
ಅಂದರೆ, ಬೆರಳು ಮಡಿಚುತ್ತ ಹೇಳಿದಳು,
ಮೊದಲು ಸೈಲೆನ್ಸರು, ಆಮೇಲೆ ಆಕ್ಸಲು,
ಆಮೇಲೆ ಗೇರುಪೆಟ್ಟಿಗೆ, ಆಮೇಲೆ ಕೊಳವೆ ಹಿಂದಕ್ಕೆ,
ಆಮೇಲೆ ಗಂಟೆಯಂಥ ಆ ಕವಚ,
ಎಲ್ಲ ಬಿಚ್ಚಿದ ಮೇಲೆ
ತಿಂಡಿತಟ್ಟೆಯಷ್ಟಗಲದ ಒಂದು ಬಿಲ್ಲೆ.
ತಲೆ ಸುತ್ತಿ ಬಳಸಿ ಮೂಗು ಹಿಡಿಯುವ ಕೆಲಸ.

ನಾನು ಬೇಕರಿಯವನು.
ಹುಳಿ ಬಂದ ಹಿಟ್ಟಿನ ವಾಸನೆ ಗೊತ್ತು, ಸ್ಪ್ಯಾನರಿನ ಅಳತೆ ಗೊತ್ತಿಲ್ಲ.
ನನ್ನ ಪಾಲಿಗೆ ದೀಪ ಹಿಡಿಯುವುದು.
ಅದೂ ನೆಟ್ಟಗೆ ಬರುವುದಿಲ್ಲವಂತೆ:
“ನನ್ನ ಕಣ್ಣಿಗಲ್ಲ ಮಾರಾಯ, ಬೋಲ್ಟಿಗೆ.”

ನವೆಂಬರು. ಮೂರೂವರೆಗೇ ಕತ್ತಲು.
ಕಾರು ನಾಲ್ಕು ಕಾಲಿನ ಮೇಲೆ ಎತ್ತರ ನಿಂತಿತ್ತು,
ಅದರಡಿ ರಟ್ಟು ಹಾಸಿ ಅವಳು,
ಅವಳ ಬೂಟುಗಳ ಪಕ್ಕ ಕುಕ್ಕರಗಾಲಲ್ಲಿ ನಾನು.

ಎರಡನೆಯ ಶನಿವಾರ ಕವಚದ ಬೋಲ್ಟುಗಳಿಗೆ ಕೈ ಹಾಕಿದಳು.
ಒಂದು ಬೋಲ್ಟು ಉಳಿದವುಗಳ ಜಾತಿಯಲ್ಲ.
ಉದ್ದ ಹೆಚ್ಚು, ತಲೆ ಬೇರೆ,
ಕೊರಳಿಗೆ ಎರಡು ವಾಷರು.
“ಯಾವ ಕೈಲಾಗದವನಪ್ಪ ಇದನ್ನು ಕಟ್ಟಿದ್ದು!
ಸಿಕ್ಕಿದ್ದನ್ನು ತುರುಕಿ, ದುಡ್ಡು ಎಣಿಸಿಕೊಂಡು ಹೋಗಿದ್ದಾನೆ.”
ಅವನ ವಂಶವನ್ನೆಲ್ಲ ಬಂದರಿನ ಭಾಷೆಯಲ್ಲಿ ನೆನೆದಳು.
ಬೋಲ್ಟು ಹಾರಿ ಗುಜರಿ ಡಬ್ಬಕ್ಕೆ ಬಿತ್ತು,
ಠಣ್.

ಕೊನೆಗೂ ಬಿಲ್ಲೆ.
ಅದರ ನಡುವಿನ ರಬ್ಬರು ಚೂರುಚೂರು.
ಎಂಜಿನಿನ ಸಿಟ್ಟು ಗೇರಿಗೆ ಮುಟ್ಟದ ಹಾಗೆ
ಮಧ್ಯೆ ಕೂತು ಎಲ್ಲ ನುಂಗಿಕೊಂಡ ರಬ್ಬರು.
ಅಂಗೈಯಲ್ಲಿ ಪುಡಿಮಾಡಿ ನನ್ನ ಕಡೆ ನೋಡಿದಳು.
ನಾನು ದೀಪ ಸರಿಮಾಡಿಕೊಂಡೆ.

ಫ್ಲೈವೀಲಿನ ಗುಂಡಿಯೊಳಗೆ ಪುಟ್ಟದೊಂದು ಬೇರಿಂಗು,
ಹಿಡಿಯಲು ಅಂಚಿಲ್ಲ, ಎಳೆಯಲು ಕಿವಿಯಿಲ್ಲ.
“ರೊಟ್ಟಿ ತಾ,” ಅಂದಳು.
ಹಸಿವಿರಬೇಕೆಂದು
ಬೆಳಗಿನ ಕಪ್ಪು ರೈ ರೊಟ್ಟಿ, ಜತೆಗೆ ಬೆಣ್ಣೆ ತಂದೆ.
ಬೆಣ್ಣೆ ಹಾಗೇ ಉಳಿಯಿತು.
ರೊಟ್ಟಿಯ ತಿರುಳು ಕಿತ್ತು, ನೀರಲ್ಲಿ ನಾದಿ,
ಗುಂಡಿಗೆ ತುಂಬಿ ತುಂಬಿ
ಉಕ್ಕಿನ ಸರಳಿಟ್ಟು ಸುತ್ತಿಗೆಯಲ್ಲಿ ಹೊಡೆದಳು.
ಇನ್ನಷ್ಟು ರೊಟ್ಟಿ. ಇನ್ನೊಂದು ಪೆಟ್ಟು.
ಹಿಂದಿನಿಂದ ಒತ್ತಿದ ರೊಟ್ಟಿಗೆ
ಬೇರಿಂಗು ಹಾಲುಹಲ್ಲಿನ ಹಾಗೆ ಈಚೆ ಬಂತು.
ನಲವತ್ತು ವರ್ಷ ರೊಟ್ಟಿ ಸುಟ್ಟವನು ನಾನು,
ಅದು ಉಕ್ಕನ್ನು ಕದಲಿಸಿದ್ದು ಕಂಡದ್ದು ಅವತ್ತೇ.

ಹೊಸ ಬಿಲ್ಲೆ ಕೂತಿತು, ಕವಚ ಮೇಲೇರಿತು,
ಹೊಸ ಬೋಲ್ಟುಗಳು ಒಂದೊಂದಾಗಿ ಕಚ್ಚಿದವು.
ಒಂದು ಮಾತ್ರ ಕಚ್ಚಲಿಲ್ಲ.
ಅಳತೆ ಸರಿ, ಸುತ್ತು ಸರಿ,
ತಿರುಗಿಸಿದಷ್ಟೂ ತಿರುಗುತ್ತದೆ, ಬಿಗಿಯುವುದಿಲ್ಲ.
ಕಿರುಬೆರಳು ತೂತಿಗೆ ತೂರಿಸಿ
ಬಹಳ ಹೊತ್ತು ಸುಮ್ಮನೆ ಮಲಗಿದ್ದಳು.
ಬಾಯಿಯ ಹತ್ತಿರ ಮರೆ ಸವೆದುಹೋಗಿದೆ.
ಒಳಗೆ, ಆಳದಲ್ಲಿ, ಇನ್ನೂ ನಾಲ್ಕು ಸುತ್ತು ಗಟ್ಟಿ ಇದೆ.
ಅಲ್ಲಿಗೆ ಮುಟ್ಟಬೇಕಾದರೆ ಉದ್ದ ಬೋಲ್ಟೇ ಬೇಕು,
ತಳ ತಾಗದಿರಲು
ವಾಷರು ಎರಡು.

ಗುಜರಿ ಡಬ್ಬ ನೆಲಕ್ಕೆ ಸುರಿದು
ಇಬ್ಬರೂ ಮಂಡಿಯೂರಿ ಹುಡುಕಿದೆವು.
ಸಿಕ್ಕಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದಳು,
ತನ್ನ ಅಂಗಿಯಂಚಿಗೇ ಒರೆಸಿದಳು.
ಟಾರ್ಕಿನ ಹಿಡಿ ‘ಟಕ್’ ಅಂದಾಗ
ಕಾರಿನಡಿಯಿಂದ ಮಾತು ಕೇಳಿತು,
ನನಗಲ್ಲ:
“ನಿನಗೂ ಆ ರಾತ್ರಿ ಚಳಿಯಿತ್ತೇನೋ.”

ಭಾನುವಾರ, ಹತ್ತು ಗಂಟೆ.
ಪೆಡಲು ಕಾಲನ್ನು ಮೇಲಕ್ಕೆ ತಳ್ಳಿತು.
ಕಾರು ಹಿಮ್ಮುಖವಾಗಿ ಹನ್ನೆರಡಡಿ ಹಿಮದೊಳಗೆ ಹೋಗಿ
ಮತ್ತೆ ಅದೇ ಗಾಲಿಗುರುತಿನಲ್ಲಿ ಒಳಗೆ ಬಂತು.
ಅಷ್ಟೇ. ಚಳಿಗಾಲದಲ್ಲಿ ಅವಳು ಅದನ್ನು ರಸ್ತೆಗಿಳಿಸುವುದಿಲ್ಲ.

ಉಳಿದ ಅರ್ಧ ರೊಟ್ಟಿಯನ್ನು ಬಟಾಣಿ ಸಾರಿಗೆ ಮುರಿದಳು.
ಕೈ ತೊಳಿ ಅಂದೆ.
ತೊಳೆದಿದ್ದೇ ಇದು, ಅಂದಳು.