ಪೇಟೆ ಧಾರಣೆ

ಪಿಳ್ಳಾಂಜಿನಪ್ಪ ಇವತ್ತು ಹರಾಜು ಕೂಗಲಿಲ್ಲ,
ಎರಡು ನಿಮಿಷ.
ಕೋಲಾರದ ಮಂಡಿಯಲ್ಲಿ ಎರಡು ನಿಮಿಷ ಅಂದರೆ
ನಾಲ್ಕು ಲಾಟು ಟೊಮೆಟೊ.

ರೇಡಿಯೋದಲ್ಲಿ ದರ ಓದುತ್ತಿದ್ದ ಇಂದುಮತಿ
ರಾತ್ರಿ ತೀರಿಕೊಂಡರಂತೆ.
ಪೇಪರಿನಲ್ಲಿ ಹೆಬ್ಬೆಟ್ಟಿನಷ್ಟು ಫೋಟೊ.
'ಕನ್ನಡಕ ಹಾಕ್ತಿದ್ರಾ?' ಅಂದ,
ಇಷ್ಟು ವರ್ಷ ಯಾರೋ ತನ್ನಿಂದ ಮುಚ್ಚಿಟ್ಟ ಹಾಗೆ.

ಬೆಲೆ ಬಿದ್ದ ದಿನ
ಆಕೆಯ ದನಿಯೂ ಒಂದು ಮೆಟ್ಟಿಲು ಇಳಿಯುತ್ತಿತ್ತೆಂದು
ಅವನ ವಾದ. ನನಗಂತೂ ಕೇಳಿಸಿರಲಿಲ್ಲ.

ಹಮಾಲರು ತಲೆಯ ಸಿಂಬಿ ತೆಗೆದು ನಿಂತರು.
ದೆಹಲಿ ಲಾರಿಯ ಡ್ರೈವರು, ಏನೂ ತಿಳಿಯದೆ,
ಎಂಜಿನ್ ಆರಿಸಿದ.
ಅಡಿಯ ಬಾಕ್ಸಿನಿಂದ ರಸ ತೊಟ್ಟಿಕ್ಕುವುದು
ಆಗ ಕೇಳಿತು.

ಆಮೇಲೆ ಗಂಟಲು ಸರಿಮಾಡಿಕೊಂಡು
ಅವನು ಕೂಗಲಿಲ್ಲ, ಓದಿದ:
'ಕೋಲಾರ. ನಾಟಿ. ಕನಿಷ್ಠ ನೂರಾ ಹತ್ತು.
ಗರಿಷ್ಠ...'

ಹಿಂದಿನಿಂದ ಯಾರೋ:
'ಜೋರಾಗಿ ಹೇಳಣ್ಣಾ, ಕೇಳ್ತಿಲ್ಲ.'