ಸಂಸ್ಥೆಯ ಹೆಸರು

ಶಹಾಬಾದಿನಲ್ಲಿ ಬೀಳೋದು ಅಂದ್ರ
ಹಾಸುಗಲ್ಲಿನ ಮ್ಯಾಲೇ ಬೀಳೋದು.
ಅಪ್ಪನ ಮೊಣಕೈಯಲ್ಲಿ ಆ ಮೈದಾನ ಇನ್ನೂ ಇದೆ,
ಬೂದಿಬಣ್ಣದ ಎರಡು ಕಲೆ.
ಸಾಯಬಣ್ಣ, ಪ್ಯಾಕಿಂಗ್ ವಿಭಾಗ, ಎರಡನೇ ಪಾಳಿ,
ಸಿಮೆಂಟ್ ಕಾರ್ಖಾನೆ ತಂಡದ ಗೋಲಿ.

ಗೆರೆ ಎಳೆಯಲು ಸುಣ್ಣ ಬೇಕಿರಲಿಲ್ಲ,
ಹರಿದ ಚೀಲ ಹಿಡಿದು ನಡೆದರೆ ಸಾಕು.
ಮಳೆ ಬಂದ ಮರುದಿನ
ಪೆನಾಲ್ಟಿ ಗುರುತು ಕಲ್ಲಾಗಿರುತ್ತಿತ್ತು.

ಯೂನಿಯನ್ ಆಫೀಸಿನ ಗೋಡೆಗೆ
ಮಾಸ್ಕೋ ಪತ್ರಿಕೆಯ ನಡುಹಾಳೆ:
ಕಪ್ಪಂಗಿಯ ಗೋಲಿಯೊಬ್ಬ ಗಾಳಿಯಲ್ಲಿ ಅಡ್ಡಡ್ಡ.
ಹೆಸರು ನಾಲಿಗೆಗೆ ಹೊಂದದೆ
ನಬಿಲಾಲ್ ಅವನನ್ನು ‘ದೊಡ್ಡ ಸಾಯಬಣ್ಣ’ ಎಂದ.
ಉಳಿದ ಹಾಳೆಗಳು ನನ್ನ ಪುಸ್ತಕಗಳ ರಟ್ಟಿಗೆ.
ಗಣಿತದ ಮೇಲೆ ಟ್ರ್ಯಾಕ್ಟರು,
ಭೂಗೋಳದ ಮೇಲೆ ನಗುವ ಹಲ್ಲುಗಳು.

ಎಂಬತ್ತೊಂದರ ಮೇ.
ರೇಡಿಯೋದ ಗೊರಗೊರದಿಂದ ತಲೆಯೆತ್ತಿ
ಕಾಮ್ರೇಡ್ ಗುಂಡೇರಾವ ಹೇಳಿದ:
ತಿಬಿಲಿಸಿ ಗೆದ್ದದ! ಯುರೋಪಿನ ಕಪ್ಪು!
ಸೋತವರು ಯೇನಾದವರು,
ದುರ್ಬೀನಿನ ಗಾಜು ತಿಕ್ಕುವ ಕಾರ್ಖಾನೆಯ ತಂಡ.
‘ಗಾಜಿನವರು ಅಲ್ಲಿತನಕ ಹೋಗ್ತಾರಂದ್ರ
ಸಿಮೆಂಟಿನವರು ಯಾಕ ಹೋಗಬಾರದು?’
ಅಪ್ಪ ಕೇಳಿದ್ದು ಇಷ್ಟೇ: ಮಂದಿ ಎಷ್ಟ್ ಬಂದಿದ್ರು?
ಗುಂಡೇರಾವ ಅಂದ: ಭಾಳ.

ಐದು ಸಾವಿರವೂ ಇರಲಿಲ್ಲ.
ವರ್ಷಗಳಾದ ಮೇಲೆ ಕಲಬುರಗಿಯ ಗ್ರಂಥಾಲಯದಲ್ಲಿ ಓದಿದೆ,
ಅಪ್ಪನಿಗೆ ಹೇಳಲಿಲ್ಲ.
ಇನ್ನೊಂದನ್ನೂ ಓದಿದೆ:
ಅಲ್ಲಿ ಪಟ್ಟಿಯಲ್ಲಿ ಸಿಪಾಯಿ, ಪಟ್ಟಿಯಲ್ಲಿ ಪೊಲೀಸ,
ಕಾಲಲ್ಲಿ ಬರೀ ಚೆಂಡು.
ಅದನ್ನು ಹೇಳಿದೆ. ಅಪ್ಪ ನಕ್ಕ.
ನಮ್ಮ ಇಮ್ಯಾನುವೆಲ್ ಮಸ್ಟರಿನಲ್ಲಿ ‘ಹೆಲ್ಪರ್’,
ಒಂದು ಚೀಲ ಎತ್ತಿದ್ದನ್ನು ಕಂಡವರಿಲ್ಲ.

ಆಮೇಲೆ ಅಲ್ಲಿ ಬಾವುಟ ಇಳಿಯಿತು.
ಆರು ತಿಂಗಳಿಗೆ ಸ್ವೀಡನ್ನಿನಲ್ಲಿ
ದೇಶವೇ ಇಲ್ಲದ ತಂಡವೊಂದು ಮೈದಾನಕ್ಕೆ ಬಂತು.
ಜರ್ಮನರ ಜೊತೆ ಸಮ, ಡಚ್ಚರ ಜೊತೆ ಸಮ,
ಸ್ಕಾಟ್ಲೆಂಡಿನವರು ಮೂರು ಹಾಕಿದರು.
ಬಾಸಿ ಪೇಪರನ್ನು ಮಡಚುತ್ತ ಗುಂಡೇರಾವ
ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ.
‘ಸಾಯಬಣ್ಣ, ಆ ಗೋಲಿ
ಯಾರ ಸಲುವಾಗಿ ಹಾರಿದ್ನೋ?’
‘ಚೆಂಡಿನ ಸಲುವಾಗಿ,’ ಅಂದ ಅಪ್ಪ.

ನಮ್ಮ ಭೋಂಗಾ ಒಂದು ಸೋಮವಾರ ಕೂಗಲಿಲ್ಲ.
ಅವ್ವ ಹಿಟ್ಟು ನಾದಿಟ್ಟು ಕಾದಳು,
ರೊಟ್ಟಿ ಬಡಿಯುವ ಹೊತ್ತು ಅವಳಿಗೆ ತಿಳಿಯಲೇ ಇಲ್ಲ.

ಆ ವರ್ಷವೂ ವಾಡಿಯಲ್ಲಿ ಪಂದ್ಯಾವಳಿ ಇತ್ತು.
ಅರ್ಜಿಯಲ್ಲೊಂದು ಖಾಲಿ ಗೆರೆ: ಸಂಸ್ಥೆಯ ಹೆಸರು.
ಊರ ಹೆಸರು ಬರಿ ಅಂದ ನಬಿಲಾಲ್.
ಇಮ್ಯಾನುವೆಲ್ ಬೀಡಿ ಹಚ್ಚಿ ಹೊರಗೆ ಹೋದ.
ಅಪ್ಪ ಕಾರ್ಖಾನೆಯ ಹೆಸರನ್ನೇ ಬರೆದ,
ಪಗಾರದ ಪುಸ್ತಕಕ್ಕೆ ಸಹಿ ಮಾಡುವಷ್ಟು ನಿಧಾನ.
ಗುಮಾಸ್ತ ಅಂದ: ಅದು ಬಂದ್ ಆಗ್ಯದಲ್ರಿ?
‘ಕಾರ್ಖಾನಿ ಬಂದ್ ಅದ. ನಾವು ಬಂದೀವಿ.’

ಮೊದಲ ಪಂದ್ಯಕ್ಕೇ ಸೋತರು.
ಎಷ್ಟಕ್ಕೆ ಅಂತ ಯಾರೂ ನನಗೆ ಹೇಳಿಲ್ಲ.

ಈಗ ಅಲ್ಲಿ ಸೈಟುಗಳು. ಮೊನ್ನೆ
ಜೆಸಿಬಿಯ ಹಲ್ಲಿಗೆ ದುಂಡಗಿನ ಗಟ್ಟಿಯೊಂದು ತಾಗಿತು.
ಗ್ವಾಡಿ ಇಲ್ಲ, ಬುನಾದಿ ಇಲ್ಲ,
ಇದೇನ್ರಿ ಮುತ್ಯಾ, ಅಂದ ಹುಡುಗ.
ಅಪ್ಪ ಮಾತಾಡದೆ ಅದಕ್ಕೆ ಬೆನ್ನು ಕೊಟ್ಟು
ಹೆಜ್ಜೆ ಎಣಿಸಿದ, ಹನ್ನೆರಡು.
ಅಲ್ಲೊಂದು ಮೋಟರ್‌ಸೈಕಲ್ ನಿಂತಿತ್ತು.
‘ಗಾಡಿ ಸ್ವಲ್ಪ ಸರಸ್ರಿ,’ ಅಂದ.